ಎಡಬದಿಯ ಚುಕ್ಕೆಗಳು

ನನ್ನ ತಂದೆಯ ಹಳೆಯ ಕಾರು ಎರಡು ಮೈಲಿ ಓಡಿದರೆ ಕುದಿಯುತ್ತಿತ್ತು. ಎಡಚನ ಗ್ಯಾರೇಜಿಗೆ ತಳ್ಳಿಸಿಕೊಂಡು ಹೋದೆ. ಆತ ಬಾನೆಟ್ ಎತ್ತುವ ಮೊದಲೇ ಕೇಳಿದ:

"ಕೊನೇಸಲ ಇದರ ಹೆಡ್ ಬಿಚ್ಚಿದ್ದು ಯಾರು ಮೇಡಂ?"

"ನಿಮ್ಮ ಷಡ್ಡಕರೇ. ಹೋದ ವರ್ಷ."

ಅವನ ಮುಖ ಅರಳಿತು. ಕಾರನ್ನು ಬೇರೆ ಯಾವ ಗಾಡಿಯೂ ಅಡ್ಡ ಬರದಂತೆ ನಡುವೆ ನಿಲ್ಲಿಸಿಕೊಂಡ.

ಎಡಗೈಯಲ್ಲಿ ಸುತ್ತಿಗೆ ಹಿಡಿಯುವುದರಿಂದ ಅವನಿಗೆ ಆ ಹೆಸರು. ಅವನೂ ಷಡ್ಡಕನೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಮೇಸ್ತ್ರಿ ದೊಡ್ಡ ಮಗಳನ್ನು ಷಡ್ಡಕನಿಗೆ ಕೊಟ್ಟ. ಎರಡು ವರ್ಷ ಕಳೆದು ಚಿಕ್ಕವಳನ್ನು ಇವನಿಗೆ. ಅಂದಿನಿಂದ ಎಡಚ ಎರಡನೆಯವನೇ. ಬೆಳಗಿನ ವಾಕಿಂಗ್ ನೆಪದಲ್ಲಿ ಷಡ್ಡಕನ ಶೆಡ್ಡಿನ ಮುಂದೆ ಹೋಗಿ ನಿಂತ ಗಾಡಿಗಳನ್ನು ಎಣಿಸಿ ಬರುತ್ತಾನೆ. ಷಡ್ಡಕರಿಗೆ ನೆಗಡಿಯಾದರೆ, "ನನಗೆ ಹೋದ ವಾರವೇ ಬಂದಿತ್ತು, ಇದಕ್ಕಿಂತ ಜೋರು" ಎನ್ನುತ್ತಾನೆ. ತೊಂಬತ್ತು ದಾಟಿದ ಅತ್ತೆಯಂತೂ, "ದೊಡ್ಡ ಅಳಿಯಂದಿರು ಕೈಯಿಟ್ಟರೆ ಸತ್ತ ಗಾಡಿನೂ ಎದ್ದು ಕೂರುತ್ತೆ" ಎಂಬ ಮಾತನ್ನು ಇವನ ಮನೆಯಲ್ಲೇ ಕುಳಿತು ಹೇಳುತ್ತಾಳೆ.

ಎಂಜಿನ್ನಿನ ಮೇಲಿನ ಮುಚ್ಚಳ, ಆ ಹೆಡ್, ಎತ್ತಿದೊಡನೆ ಕಾರಣ ಸಿಕ್ಕಿತು. ಅದರಡಿಯ ತೂತುತೂತಿನ ತೆಳು ಹಾಳೆಯನ್ನು, ಗ್ಯಾಸ್ಕೆಟ್ಟನ್ನು, ತಿರುಗಿಸಿ ಕೂರಿಸಲಾಗಿತ್ತು. ನೀರು ಹರಿಯುವ ತೂತುಗಳಲ್ಲಿ ಅರ್ಧ ಮುಚ್ಚಿಹೋಗಿದ್ದವು. ಎಡಚ ಅದನ್ನು ಎಸೆಯಲಿಲ್ಲ. ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿ, ಹೆಂಡತಿಯನ್ನು ಕರೆದ.

"ಭಾನುವಾರ ಎಲ್ಲರೂ ಬರಲಿ. ಭಾವನೂ ಬರಲಿ. ಅತ್ತೆಗೆ ಕುರ್ಚಿ ಹಾಕ್ತೀನಿ."

"ಎಂಜಿನ್ ನೋಡೋಕೆ ಅಮ್ಮ ಬರಬೇಕೇನ್ರೀ? ಅವಳಿಗೆ ಬಾಗಿಲ ಚಿಲಕವೇ ಕಾಣಲ್ಲ."

"ಮುಖ್ಯವಾಗಿ ಅವರೇ ಬರಬೇಕು."

ಶನಿವಾರ ಮಧ್ಯಾಹ್ನ ನಾನು ಹೋದಾಗ ಆತ ಷಡ್ಡಕನ ತಪ್ಪು ಇನ್ನಷ್ಟು ಸಿಗಲೆಂದು ಎಂಜಿನ್ನಿನ ಕೆಳಭಾಗವನ್ನೂ ಬಿಚ್ಚಿ, ಬೆಂಚಿನ ಮೇಲೆ ಹರಡಿ, ಸುಮ್ಮನೆ ಕುಳಿತಿದ್ದ. ಪಿಸ್ಟನ್ನಿನ ರಾಡಿಗೆ ಕೆಳಗೊಂದು ಕ್ಯಾಪ್ ಇರುತ್ತದೆ. ಒಂದು ರಾಡಿನ ಕ್ಯಾಪ್ ಇನ್ನೊಂದಕ್ಕೆ ಕೂರದು. ಅದಕ್ಕೇ ಬಿಚ್ಚುವ ಮೊದಲು ಎರಡರ ಮೇಲೂ ಚೂಪು ಮೊಳೆಯಂಥ ಪಂಚ್‌ನಿಂದ ಚುಕ್ಕೆ ಹೊಡೆಯುತ್ತಾರೆ: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಎಲ್ಲರೂ ಬಲಬದಿಗೆ ಹೊಡೆಯುತ್ತಾರೆ. ಇಲ್ಲಿ ಚುಕ್ಕೆಗಳಿದ್ದದ್ದು ಎಡಬದಿಗೆ.

ಆತ ಒಂದು ಕ್ಯಾಪನ್ನು ನನ್ನ ಮುಂದಿಟ್ಟ. ಮೂರನೆಯ ರಾಡಿನದು. ಅದರ ಮೇಲೆ ಎರಡು ಚುಕ್ಕೆ. ಚುಕ್ಕೆಗಳ ಮೇಲೆ ಉಳಿಯಿಂದ ಎಳೆದ ಒಂದು ಅಡ್ಡಗೀಟು. ಪಕ್ಕದಲ್ಲಿ ಮೂರು ಸಣ್ಣ ಗೀಟು. ವಿದ್ಯಾರ್ಥಿಯ ತಪ್ಪು ಉತ್ತರವನ್ನು ಹೊಡೆದು ಸರಿಯಾದುದನ್ನು ಬರೆದಂತೆ. ಅಂಥ ಕೆಲಸವನ್ನು ನಾನು ಮೂವತ್ತು ವರ್ಷ ಮಾಡಿದ್ದೇನೆ, ಗುರುತು ಸಿಕ್ಕಿತು.

"ಗೀಟು ಭಾವನದು," ಎಂದ ಎಡಚ. "ಚುಕ್ಕೆ ನಂದು. ನಾನೊಬ್ಬನೇ ಮಾಡಿದ ಮೊದಲನೇ ಎಂಜಿನ್ ಇದು. ಗುರುತು ಹಾಕದೆ ಬಿಚ್ಚಿಬಿಟ್ಟೆ. ಆಮೇಲೆ ಅಂದಾಜಲ್ಲಿ ಚುಕ್ಕೆ ಹೊಡೆದು, ತಪ್ಪು ರಾಡಿಗೆ ಜೋಡಿಸಿದ್ದೆ."

ನನಗೆ ಮುಂದಿನದು ಗೊತ್ತಿತ್ತು. ನಲವತ್ತು ವರ್ಷದ ಹಿಂದೆ, ರಿಪೇರಿಯಾದ ತಿಂಗಳಿಗೇ, ಎಂಜಿನ್ ಕಟಕಟ ಎನ್ನತೊಡಗಿತು. ಷಡ್ಡಕ ಬಿಚ್ಚಿ ಸರಿಮಾಡಿದರು. ಎಣ್ಣೆಯಿಲ್ಲದೆ ಓಡಿಸಿದ್ದಾರೆ ಎಂದು ಮೇಸ್ತ್ರಿಗೆ ವರದಿ ಕೊಟ್ಟರು. ಆ ವರ್ಷವೇ ಅವರಿಗೆ ದೊಡ್ಡ ಮಗಳನ್ನು ಕೊಟ್ಟದ್ದು. ನಮ್ಮ ಮನೆಯಲ್ಲಿ ಆ ತಿಂಗಳು ಕಾರು ಓಡಿಸಿದ್ದವಳು ನನ್ನ ತಾಯಿ. ತಂದೆ ಅವಳಿಂದ ಕೀಲಿ ತೆಗೆದುಕೊಂಡರು, ಮತ್ತೆ ಕೊಡಲಿಲ್ಲ.

ಅದನ್ನು ಎಡಚನಿಗೆ ಹೇಳಿದೆ. ಆತ ಕ್ಯಾಪನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಬೆಂಚಿನ ಮೇಲಿಂದ ಅದೊಂದನ್ನು ಮರೆಮಾಡಿದರೆ ಮರುದಿನದ ಗೆಲುವು ಪೂರ್ತಿ ಅವನದೇ.

ಭಾನುವಾರ ಎಲ್ಲರೂ ಬಂದರು. ಷಡ್ಡಕ ಕನ್ನಡಕ ಏರಿಸಿ ಮೊಳೆಯಲ್ಲಿದ್ದ ಗ್ಯಾಸ್ಕೆಟ್ಟನ್ನು ನೋಡಿ ನಕ್ಕರು.

"ಇದು ನಂದೇ ಕಣೋ! ಉಲ್ಟಾ ಹಾಕಿದೀನಲ್ಲ!"

"ಪಾಪ, ವಯಸ್ಸಾಯ್ತು," ಎಂದಳು ಅತ್ತೆ. "ಆದ್ರೂ ನೋಡು, ಎಷ್ಟು ನೇರವಾಗಿ ಒಪ್ಕೊಂಡ್ರು."

ಎಡಚನ ಕಿವಿ ಕೆಂಪಾಯಿತು. ತಪ್ಪಿನಲ್ಲೂ ಅವರಿಗೇ ಮೊದಲ ದರ್ಜೆ. ಜೇಬಿನಿಂದ ಕ್ಯಾಪ್ ತೆಗೆದು ಷಡ್ಡಕನ ಎದುರಿಗೆ ಕುಕ್ಕಿದ.

"ಇದನ್ಯಾಕೆ ಬಾಯಿಬಿಟ್ಟು ಹೇಳಲಿಲ್ಲ ಭಾವ?"

ಷಡ್ಡಕ ಅದನ್ನು ತಿರುಗಿಸಿ ನೋಡಿದರು. ನಗು ನಿಂತಿತು. "ಹೇಳಿದ್ರೆ ಮಾವ ನಿನ್ನನ್ನ ಅವತ್ತೇ ಓಡಿಸ್ತಿದ್ರು."

"ಓಡಿಸ್ಲಿ! ಬೇರೆ ಕಡೆ ಹೋಗಿ ಮೊದಲನೆಯವನಾಗಿರ್ತಿದ್ದೆ. ಇಷ್ಟು ವರ್ಷ ನಿಮ್ಮ ದಯೆಯಲ್ಲಿ ಬದುಕಿದೀನಿ, ನನಗೇ ಗೊತ್ತಿಲ್ಲ!" ಆಮೇಲೆ ನನ್ನ ಕಡೆ ತಿರುಗಿದ. "ಎಣ್ಣೆ ಇತ್ತು ಮೇಡಂ. ನಿಮ್ಮ ತಾಯೀದು ಏನೂ ತಪ್ಪಿರಲಿಲ್ಲ. ತಪ್ಪು ನಂದು. ಸುಳ್ಳು ಇವರದು."

"ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು," ಎಂದೆ.

"ಏನಂತೆ?" ಎಂದಳು ಅತ್ತೆ.

"ತಪ್ಪು ಇವರದಂತೆ ಅಮ್ಮಾ!" ಚಿಕ್ಕ ಮಗಳು ಗಂಡನ ಕಡೆ ಕೈತೋರಿಸಿ ಕಿವಿಯ ಹತ್ತಿರ ಕೂಗಿದಳು.

"ಮತ್ತೆ? ನಾನು ಯಾವತ್ತೋ ಹೇಳಿದ್ದೆ."

ಎಂಜಿನ್ ಮುಚ್ಚುವ ದಿನ ನಾನೂ ಇದ್ದೆ. ಆ ಕ್ಯಾಪನ್ನು ಉಜ್ಜಿ ನುಣ್ಣಗೆ ಮಾಡಬಹುದಿತ್ತು. ಎಡಚ ಮಾಡಲಿಲ್ಲ. ಗೀಟುಗಳ ಎಡಕ್ಕೆ, ಒಂದೊಂದು ಪೆಟ್ಟಿಗೆ ಒಂದರಂತೆ, ಮೂರು ಹೊಸ ಚುಕ್ಕೆ ಹೊಡೆದ. ಬೆಳಕಿಗೆ ಹಿಡಿದು ನನಗೆ ತೋರಿಸಿದ.

"ನೋಡಿ ಮೇಡಂ. ಅವರ ಗೀಟಿಗಿಂತ ನಂದೇ ಆಳ."