ದೊಡ್ಡಮ್ಮನ ಬಿಳಿ ಹಾಸು

ಊರಿಗೆಲ್ಲ ಅವಳು ಹೊಲಿಗೆಯಮ್ಮ, ನನಗೊಬ್ಬಳಿಗೆ ದೊಡ್ಡಮ್ಮ. ಒಂದೇ ಕೋಣೆಯ ಮನೆ, ಸೋರುವ ತಗಡಿನ ಚಾವಣಿ. ಆದರೆ ಹೊಲಿಗೆ ಮೆಷಿನ್ನಿನ ಕೆಳಗೆ ಹಾಲಿನಂಥ ಬಿಳಿ ಹಾಸು. ಕಾಲು ತೊಳೆಯದೆ ಯಾರೂ ಅದನ್ನು ತುಳಿಯುವಂತಿರಲಿಲ್ಲ. ಗಿರಾಕಿಯ ಬಟ್ಟೆ ನೆಲ ಮುಟ್ಟಬಾರದು ಎಂಬುದು ಅವಳ ಹಟ. ಆ ಹಾಸು ನೋಡಿಯೇ ಡಾಕ್ಟರ ಹೆಂಡತಿಯಂಥವರೂ ಮೂಗು ಮುರಿಯದೆ ನಮ್ಮ ಗಲ್ಲಿಗೆ ಬರುತ್ತಿದ್ದರು. ಹುಕ್ಕು, ಗುಂಡಿ ಹಾಕುವ ಕೆಲಸ ನನ್ನದು. ಬೈಗುಳವೂ ನನ್ನ ಪಾಲಿಗೇ.

ಬಡವರಿಗೆ ನೆರವಾಗಲೆಂದು ಕಾಲೇಜಿನಿಂದ ಒಬ್ಬ ಹುಡುಗಿ ವಾರವಾರ ಬರತೊಡಗಿದಳು. ಒಳ್ಳೆಯ ಹುಡುಗಿಯೇ. ನೀರು ತರುವಾಗ ಕೊಡಕ್ಕೆ ಕೈ ಹಚ್ಚಿದಳು, ದೊಡ್ಡಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು, ಕೊನೆಗೆ ನನ್ನಂತೆಯೇ ‘ದೊಡ್ಡಮ್ಮ’ ಎಂದೂ ಕರೆದಳು. ನನಗೆ ಹೊಟ್ಟೆಕಿಚ್ಚು. ದೊಡ್ಡಮ್ಮ ಮಾತ್ರ ಕರಗಿ ನೀರಾದಳು. ಹುಡುಗಿಗೊಂದು ಕಾಲರಿನ ನೀಲಿ ಅಂಗಿ ಹೊಲಿದುಕೊಟ್ಟಳು. ಅಂಥ ಕಾಲರನ್ನು ನನಗೆ ಒಂದು ದಿನವೂ ಹೊಲಿದವಳಲ್ಲ.

ಒಮ್ಮೆ ಹುಡುಗಿ ಫೋಟೋ ತೆಗೆಯಲು ನಿಂತಳು. ಫೋಟೋ ನೋಡಿದರೆ ಕಾಲೇಜಿನವರು ಹೊಸ ಚಾವಣಿ ಹಾಕಿಸಿಕೊಡುತ್ತಾರಂತೆ.

“ಆ ಬಿಳಿ ಹಾಸು ತೆಗೀರಿ ದೊಡ್ಡಮ್ಮ. ಮನೆ ತುಂಬಾ ಚೆನ್ನಾಗಿ ಕಾಣ್ತಿದೆ, ಯಾರೂ ನಂಬಲ್ಲ. ಹರಿದ ಬಟ್ಟೆ ಏನಾದ್ರೂ ಇದ್ರೆ ಹೊದ್ಕೊಳ್ಳಿ.”

“ಗಿರಾಕಿಗಳ ಕಣ್ಣಿಗೆ ಬಿದ್ರೆ ನನ್ನ ಕತೆ ಮುಗೀತು ಕಣಮ್ಮ.”

“ನಮ್ಮ ಮೇಡಂ ಒಬ್ಬರಿಗೇ ತೋರಿಸೋದು. ನನ್ನಾಣೆ.”

ದೊಡ್ಡಮ್ಮ ಹಾಸು ಮಡಚಿಟ್ಟಳು. ನೆಲ ಒರೆಸುವ ಬಟ್ಟೆಯನ್ನು ಹೆಗಲಿಗೆ ಹೊದ್ದಳು. ಹುಡುಗಿ ಚಿಂದಿಯ ಮೂಟೆ ಬಿಚ್ಚಿ ಕೋಣೆಯ ತುಂಬ ಹರವಿದಳು. ಇದೇನು ನಾಟಕ ಎಂದು ನಾನು ಗೊಣಗಿದೆ; ಕೇಳುವವರು ಯಾರು?

ಆ ಫೋಟೋ ಆಳೆತ್ತರವಾಗಿ ಕಾಲೇಜಿನ ಸಮಾರಂಭದ ವೇದಿಕೆಯ ಮೇಲೆ ನಿಂತಿತು. ಮುಂದಿನ ಸಾಲಿನಲ್ಲೇ ಡಾಕ್ಟರ ಹೆಂಡತಿ ಕೂತಿದ್ದರಂತೆ. ಮರುದಿನ ಬೆಳಿಗ್ಗೆ ಬಂದು, ಮಗಳ ಮದುವೆಗೆಂದು ಕೊಟ್ಟಿದ್ದ ಬಟ್ಟೆಯನ್ನೆಲ್ಲ ವಾಪಸ್ ಕೇಳಿದರು.

“ನಾವು ಬರೋವಾಗ ಮಾತ್ರ ಈ ಹಾಸು ಹಾಕ್ತೀರಿ ಅಂತ ಗೊತ್ತಿರಲಿಲ್ಲ” ಎಂದರು.

ದೊಡ್ಡಮ್ಮ ಬಟ್ಟೆಯನ್ನೆಲ್ಲ ಮಡಚಿ ಕೊಟ್ಟಳು. ಸುದ್ದಿ ಬಾಯಿಂದ ಬಾಯಿಗೆ ಹರಡಿ, ನೋಡನೋಡುತ್ತಲೇ ಮೆಷಿನ್ ಸುಮ್ಮನಾಯಿತು. ಚಾವಣಿಯ ಮಾತೇ ಇಲ್ಲ. ನನಗೆ ಮೈಯೆಲ್ಲ ಉರಿ. ದೊಡ್ಡಮ್ಮ ಮಾತ್ರ, “ಆ ಮಗು ಹಾಗೆ ಮಾಡಿರಲ್ಲ, ಬೇರೆ ಯಾರೋ ಮಾಡಿರ್ಬೇಕು” ಎನ್ನುತ್ತಲೇ ಇದ್ದಳು.

ಹುಡುಗಿ ಬಂದಳು, ನೀಲಿ ಅಂಗಿಯಲ್ಲೇ. “ದೊಡ್ಡಮ್ಮ, ಸಮಾಜಸೇವೆಗೆ ನನಗೇ ಮೊದಲ ಬಹುಮಾನ! ಫೋಟೋ ನೋಡಿ ಎಲ್ರೂ ಕಣ್ಣೀರು ಹಾಕಿದ್ರು. ಈ ಅಂಗೀಲೇ ವೇದಿಕೆ ಹತ್ತಿದೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಕೈ ಅಡ್ಡ ಹಿಡಿದಳು. ಹುಡುಗಿಯ ಕಾಲರ್ ಸರಿಮಾಡುತ್ತ, “ಅಂಗಿ ಚೆನ್ನಾಗಿದೆ ಅಂದ್ರಾ?” ಎಂದು ಕೇಳಿದಳು.

“ಎಲ್ರೂ ಅಂದ್ರು! ಯಾರು ಹೊಲಿದಿದ್ದು ಅಂತ ಮೇಡಂ ಕೂಡ ಕೇಳಿದ್ರು.”

“ಏನಂದೆ ಮಗು?”

ಹುಡುಗಿಯ ನಗು ಇಳಿಯಿತು. “ಅಂಗಡೀಲಿ ತಗೊಂಡೆ ಅಂದೆ. ಆ ಫೋಟೋ ಪಕ್ಕ ನಿಂತ್ಕೊಂಡು ನೀವು ಅಂತ ಹೇಗೆ ಹೇಳ್ಲಿ ದೊಡ್ಡಮ್ಮ?”

ದೊಡ್ಡಮ್ಮ ಕಾಲರಿನಿಂದ ಕೈ ತೆಗೆದಳು.

“ಹೊಲಿಗೆಯಮ್ಮ ಅನ್ನು” ಎಂದಳು. “ದೊಡ್ಡಮ್ಮ ಅನ್ಬೇಡ.”