ಕೇಳದೆ ಸೀಳಿದ ದಿಮ್ಮಿ

ಅಥವಾ ಆಣಿ ಸಿಕ್ಕಿದ್ದು ಮೂರನೆಯ ಹಲಗೆಯಲ್ಲಿ ಅಲ್ಲ, ಮೊದಲನೆಯದರಲ್ಲೇ ಇರಬಹುದು. ಗರಗಸದ ಬ್ಲೇಡು ಅದಕ್ಕೆ ಬಡಿದ ಸದ್ದು ಈಗಲೂ ಕಿವಿಯಲ್ಲಿ ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅನುಮಾನ. ಎಂಜಿನ್ ಓಡುತ್ತಿತ್ತು, ತಗಡಿನ ಮಾಡು ನಡುಗುತ್ತಿತ್ತು. ಅಂಥ ಗಲಾಟೆಯಲ್ಲಿ ಒಂದು ಸದ್ದು ಹೀಗೆ ಬಿಡಿಯಾಗಿ ಉಳಿಯುವುದುಂಟೇ? ಆಮೇಲೆ ನಾನೇ ಅದನ್ನು ಒರೆಸಿ ಇಟ್ಟುಕೊಂಡಿರಬೇಕು.

ಕೊಕ್ಕರ್ಣೆಗೆ ಹೋಗುವ ರಸ್ತೆಯ ಬದಿಗೆ ಮರ ಸೀಳುವ ಅಣ್ಣನ ಸಣ್ಣ ಬ್ಯಾಂಡ್‌ಸಾ ಮಿಲ್ಲು. ನೆಲದಲ್ಲಿ ಎರಡು ಹಳಿ, ಹಳಿಯ ಮೇಲೆ ಕೈಯಲ್ಲಿ ತಳ್ಳುವ ಗರಗಸದ ಗಾಡಿ. ದಿಮ್ಮಿ ಮಲಗಿದಲ್ಲೇ ಇರುತ್ತದೆ, ಗರಗಸ ಅದರ ಮೈಯೊಳಗೆ ಹಾದುಹೋಗುತ್ತದೆ. ಅಣ್ಣ ತಳ್ಳುತ್ತಾನೆ. ಆಚೆ ತುದಿಯಲ್ಲಿ ನಿಂತು ಹಲಗೆ ಎತ್ತುವುದು ನನ್ನ ಕೆಲಸ.

ಆ ಹೆಂಗಸು ಬಂದದ್ದು ಬೈಂದೂರಿನ ಕಡೆಯಿಂದ, ಟೆಂಪೊದಲ್ಲಿ ಒಂದು ಹಲಸಿನ ದಿಮ್ಮಿ ಹೇರಿಕೊಂಡು. ಗಾಳಿಗೆ ಬಿದ್ದ ಅಂಗಳದ ಮರ. ಅಲ್ಲಿಯ ಮಿಲ್ಲಿನವರು ಅಷ್ಟು ತೆಳುವಾಗಿ ಸೀಳಲು ಆಗದು ಅಂದರಂತೆ. ಅವಳಿಗೆ ತೆಳು ಹಲಗೆಗಳೂ ಕಾಲಿನ ಹಾಗೆ ಕಡೆಯುವುದಕ್ಕೆ ನಾಲ್ಕು ಗೂಟಗಳೂ ಬೇಕಿದ್ದವು.

“ಎಂತಕ್ಕೆ ಅಕ್ಕ, ಇಷ್ಟ್ ತೆಳು?” ಅಣ್ಣ ಕೇಳಿದ.

“ಪೆಟ್ಟಿಗಿಗೆ.”

“ಪೆಟ್ಟಿಗಿಗೆ ಗೂಟ ಎಂತಕ್ಕೆ ಮಾರಾಯ್ರೆ? ಪೆಟ್ಟಿಗಿ ಎದ್ದ್ ನಡಿತ್ತಾ?”

ಅವಳು ನಗಲಿಲ್ಲ. ಟೆಂಪೊದವನು ಅಣ್ಣನ ತೋಳು ಹಿಡಿದು ಹೊಟ್ಟಿನ ರಾಶಿಯ ಹತ್ತಿರ ಎಳೆದುಕೊಂಡು ಹೋದ. “ಹ್ವಾಯ್, ನೀವ್ ಸುಮ್ನಿರಿ ಕಾಣಿ. ಅವ್ರ ಸೊಸಿಗೆ ಏಳ್ ತಿಂಗ್ಳ್. ಎಷ್ಟೋ ವರ್ಷದ್ ಮೇಲೆ. ಹೆಸ್ರ್ ತೆಗೂಕಿಲ್ಲ.”

ತೊಟ್ಟಿಲು. ಮಗು ಹುಟ್ಟುವ ಮೊದಲು ಆ ಹೆಸರು ಹೇಳಬಾರದು, ಮಾಡಿಸಲೂ ಬಾರದು. ಆದರೆ ಹಸಿ ಹಲಸು ಒಣಗಲು ತಿಂಗಳುಗಳು ಬೇಕು. ಸೀಳಿಸಿ ಒಣಗಲು ಇಟ್ಟರೆ ಅದು ಬರೀ ಹಲಗೆ, ತೊಟ್ಟಿಲಲ್ಲ. ಹೀಗೆ ಅವಳು ಒಂದು ದಾರಿ ಕಂಡುಕೊಂಡು ಬಂದಿದ್ದಳು.

ಅಂಗಳದ ಹಲಸು ಬಂದರೆ ಅಣ್ಣ ಮೊದಲು ಕೇಳುವ ಪ್ರಶ್ನೆ ಒಂದಿದೆ: “ಕಾಯಿ ಬಿಡ್ತಿತ್ತಾ?” ನಮ್ಮ ಕಡೆ ಕಾಯಿ ಬಿಡದ ಹಲಸಿನ ಬುಡಕ್ಕೆ ಕಬ್ಬಿಣದ ಆಣಿ ಹೊಡೆಯುತ್ತಾರೆ, ಹೆದರಿ ಕಾಯಿ ಬಿಡಲಿ ಎಂದು. ಮರ ಬೆಳೆಯುತ್ತ ಆಣಿಯನ್ನು ನುಂಗುತ್ತದೆ. ಹೊರಗೆ ಗುರುತೂ ಉಳಿಯುವುದಿಲ್ಲ. ಬಂಜೆ ಮರ ಅಂದರೆ ಅಣ್ಣ ಬುಡದ ಕಡೆಯ ತುಂಡನ್ನು ಮುಟ್ಟುವುದೇ ಇಲ್ಲ.

ಆ ದಿನ ಅವನು ಬಾಯಿ ತೆರೆದ. ಅವಳ ಮುಖ ನೋಡಿದ. ಆ ಮಾತನ್ನು ಅವಳ ಎದುರು ಹೇಗೆ ಆಡುವುದು? ಬಾಯಿ ಮುಚ್ಚಿಕೊಂಡು ಎಂಜಿನ್ನಿನ ಹಗ್ಗ ಎಳೆದ.

ಇದು ನಾನು ನೋಡಿದ್ದೋ, ಆಮೇಲೆ ಅವನು ಹೇಳಿದ್ದೋ? ಅವನ ಬೆನ್ನು ನನ್ನ ಕಡೆಗಿತ್ತು ಎಂದೂ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗಲಾರವು.

ಆಣಿ ಸಿಕ್ಕಿತು. ಬ್ಲೇಡಿನ ಹಲ್ಲು ಹೋಯಿತು. ಎಂಜಿನ್ ನಿಂತ ಮೇಲೆ ಹಲಗೆ ಎತ್ತಿದೆ. ಹಳದಿ ಮರದ ನಡುವೆ ತುಕ್ಕಿನ ತೂತು, ಅದರ ಸುತ್ತ ಉದ್ದಕ್ಕೆ ಹರಡಿದ ನೀಲಿಗಪ್ಪು. ದಿಮ್ಮಿಯ ಅತ್ಯಂತ ಅಗಲದ ಭಾಗ ಅದೇ ಆಗಿತ್ತು. ಹೆಂಗಸು ಬಂದು ತೂತಿನ ಮೇಲೆ ಬೆರಳಿಟ್ಟಳು.

“ಆಣಿ ಅಲ್ದಾ?”

“ಹೌದ್ ಅಕ್ಕ.”

“ಯಾರ್ ಹೊಡ್ದದ್ದೋ.”

ಬೇರೆ ಮರ ಇರಲಿಲ್ಲ. ಮನೆ ಅಂಗಳದ ಮರವೇ ಆಗಬೇಕಿತ್ತು ಅವಳಿಗೆ. ಅಣ್ಣ ಹೊಸ ಬ್ಲೇಡು ಹಾಕಿ ಬಿಗಿ ಮಾಡಿದ. ದಿಮ್ಮಿಯನ್ನು ಮಗುಚಿ, ಕಲೆ ಮುಟ್ಟದ ಕಡೆಯನ್ನು ಮೇಲೆ ತಂದ. ಉಳಿದದ್ದು ಕಡಿಮೆ. ನಾಲ್ಕು ಬದಿಯೂ ಅಡಿಯೂ ಅದರಲ್ಲೇ ಬರಬೇಕಾದರೆ ಅವಳು ಕೇಳಿದ್ದಕ್ಕಿಂತಲೂ ತೆಳುವಾಗಬೇಕು. ಗರಗಸ ತಿಂದು ಹೊಟ್ಟು ಮಾಡುವ ಪಾಲನ್ನೂ ಸೇರಿಸಿ ಬ್ಲೇಡು ಇಳಿಸಬೇಕು. ಒಂದು ತುದಿ ಕೂದಲೆಳೆಯಷ್ಟು ದಪ್ಪವಾದರೆ ಮುಂದಿನ ಹಲಗೆಗೆ ಆ ತುದಿಯಲ್ಲಿ ಮರವಿಲ್ಲ. ಅವಸರದಲ್ಲಿ ತಳ್ಳಿದರೆ ಗಂಟು ಬಂದಲ್ಲಿ ಬ್ಲೇಡು ಮೇಲೇಳುತ್ತದೆ. ನಡುವೆ ನಿಂತರೆ ಅಲ್ಲೊಂದು ಗೆರೆ. ಅಣ್ಣ ಉಸಿರು ಹಿಡಿದವನ ಹಾಗೆ ಒಂದೇ ನಡಿಗೆಯಲ್ಲಿ ತಳ್ಳಿದ. ಬ್ಲೇಡಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹಲಗೆ ತೆಗೆದ ಮೇಲೆ ದಿಮ್ಮಿ ಮಗುಚುವುದು, ಎರಡೂ ತುದಿ ಅಳೆಯುವುದು, ಮತ್ತೆ ಇಳಿಸುವುದು. ಕೈಗೆ ಬಂದ ಹಸಿ ಹಲಗೆ ಅಡಿಕೆ ಹಾಳೆಯ ಹಾಗೆ ಬಾಗುತ್ತಿತ್ತು.

ಗೂಟಗಳು ಬಂದವು, ಬದಿಗಳೆಲ್ಲ ಬಂದವು, ಅಂಚಿನಿಂದ ಅಂಚಿಗೆ ಒಂದೇ ದಪ್ಪ. ಅಡಿಯ ಹಲಗೆಗೆ ಮರ ಸಾಲಲಿಲ್ಲ.

ಅಣ್ಣ ಅವಳ ಮುಖ ನೋಡದೆ ಹೊಟ್ಟು ಗುಡಿಸತೊಡಗಿದ. ಗೋಡೆಗೆ ಒರಗಿಸಿಟ್ಟಿದ್ದ ಆ ಕಲೆಯ ಹಲಗೆಯನ್ನು ಅವಳೇ ತಂದಿಟ್ಟಳು. “ಅಡಿಗೆ ಇದೇ ಸಾಕ್. ಬಟ್ಟಿ ಹಾಸುದಲ್ದಾ, ಕಲೆ ಕಾಂತಿಲ್ಲೆ.”

ಹೇಳಿದ ಕೂಡಲೇ ಸೆರಗು ಬಾಯಿಗೆ ಹೋಯಿತು. ಟೆಂಪೊದವನು ರಸ್ತೆ ನೋಡಿದ.

“ಪೆಟ್ಟಿಗಿಗೂ ಬಟ್ಟಿ ಹಾಸ್ತ್ರಪ್ಪ,” ಅಣ್ಣ ಮೆಲ್ಲಗೆ ಅಂದ. “ಸೀರಿ ಹಾಳಾಪುಕಾಗ ಅಂದೇಳಿ.”

ಮಿಲ್ಲಿನ ಮೂಲೆಯಲ್ಲೇ ಒಣಗಲೆಂದು ಹಲಗೆಗಳ ನಡುವೆ ಮರದ ಪಟ್ಟಿ ಇಟ್ಟು, ಒಂದರ ಮೇಲೊಂದು ಪೇರಿಸಿ, ಸೊಟ್ಟಗಾಗದಂತೆ ಮೇಲೆ ಕಲ್ಲು ಹೇರಿದೆವು. “ದೀಪಾವಳಿ ಕಳ್ದ್ ಬತ್ತೆ,” ಎಂದು ಹೇಳಿ ಅವಳು ಹೋದಳು.

ದೀಪಾವಳಿ ಹೋಯಿತು. ಒಂದು ಮಳೆಗಾಲವೂ ಹೋಯಿತು. ಮರಗೆಲಸ ಮಾಡುವ ಕೋಟದ ಆಚಾರಿಯೊಬ್ಬರು ಬಂದು ಆ ಹಲಗೆಗಳನ್ನು ಬಗ್ಗಿ ನೋಡಿ, ಕೊಡುತ್ತೀರಾ ಎಂದು ಕೇಳಿದರು. “ಅದ್ ಪೆಟ್ಟಿಗಿದ್,” ಅಂದ ಅಣ್ಣ. ಅವರಿಗೆ ಅರ್ಥವಾಗಲಿಲ್ಲ. ಬ್ರಹ್ಮಾವರದಲ್ಲಿ ಒಮ್ಮೆ ಆ ಟೆಂಪೊದವನು ಅಣ್ಣನಿಗೆ ಎದುರಿಗೇ ಸಿಕ್ಕಿದ್ದನಂತೆ. ಕೇಳಬಹುದಿತ್ತಲ್ಲ ಎಂದೆ. “ಎಂತ ಅಂದೇಳಿ ಕೇಂಬುದ್?” ಅಂದ. ಚಾ ಕುಡಿದರಂತೆ. ಡೀಸೆಲ್ ವಿಷಯ ಮಾತಾಡಿದರಂತೆ.

ಅವಳ ಬೆರಳು ತೂತಿನ ಮೇಲೆ ನಿಂತದ್ದನ್ನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಒಮ್ಮೆ ಅದು ಹೊಸತನ್ನು ಕಂಡ ಬೆರಳು, ಇನ್ನೊಮ್ಮೆ ತಾನೇ ಹೊಡೆದದ್ದನ್ನು ಹುಡುಕಿ ಹಿಡಿದ ಬೆರಳು. ಯಾವುದನ್ನು ನಂಬಲಿ? “ಯಾರ್ ಹೊಡ್ದದ್ದೋ” ಎಂಬ ಮಾತಿನ ದನಿ ನನಗೆ ನೆನಪಿಲ್ಲ, ಮಾತು ಮಾತ್ರ ಇದೆ.

ಮೊನ್ನೆ ಕಲ್ಲು ಎತ್ತಿ ನೋಡಿದೆ. ಹಲಗೆಗಳು ಒಣಗಿವೆ. ಒಂದೂ ಸೊಟ್ಟಗಾಗಿಲ್ಲ. ಅಡಿಯದರ ಕಲೆ ಇನ್ನೂ ಕಪ್ಪಾಗಿದೆ. ಕಲ್ಲನ್ನು ಮತ್ತೆ ಹಾಗೆಯೇ ಇಟ್ಟೆ.

ಆಣಿ ಹೊಡೆದದ್ದು ಯಾರೆಂದು ನನಗೆ ಗೊತ್ತಿಲ್ಲ. ಮಗು ಹುಟ್ಟಿತೋ ಇಲ್ಲವೋ, ಅದೂ ಗೊತ್ತಿಲ್ಲ.