ತಾಯಿಯ ಹೆಸರಿನ ಜಾಗದಲ್ಲಿ ಅಕ್ಕ

ಮಗಳ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾದಾಗ ಅವಳು ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಳು. ಅದಕ್ಕೂ ಸ್ವಲ್ಪ ಮುಂಚೆ, ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ ಎಂದು ಫೋನಿನಲ್ಲಿ ನಗುತ್ತಾ ಹೇಳಿದ್ದಳು. ಹೊಸದು ತೆಗೆದುಕೊಂಡರಾಯಿತು ಬಿಡು ಅಂದಿದ್ದೆ.

ಆಮೇಲೆ ಅವಳನ್ನು ಶಾಂತಿಗ್ರಾಮದ ನಮ್ಮ ಮನೆಗೆ ಕರೆತಂದೆವು. ಅಲ್ಲಿಂದ ಹಾಸನಕ್ಕೆ ಬಸ್ಸು, ಡಯಾಲಿಸಿಸ್, ಮತ್ತೆ ಬಸ್ಸು. ನೀರನ್ನು ಅಳೆದು ಕೊಡಬೇಕಿತ್ತು. ತುಟಿ ಒಡೆದು, ನಾಲಿಗೆ ಒಣಗಿ, "ಅಮ್ಮ, ಒಂದೇ ಒಂದು ಗುಟುಕು" ಎಂದು ಕೇಳುವಳು. ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಕ್ಕಳಿಗೆ ಇಲ್ಲ ಅನ್ನುವುದು ನನಗೆ ರೂಢಿ. ಆದರೆ ಹೆತ್ತ ಮಗಳು ಕೈಮುಗಿದು ನೀರು ಕೇಳಿದಾಗ ಇಲ್ಲ ಅನ್ನಬೇಕಾದ ಸಂಕಟ ಬೇರೆಯೇ. ಅಡುಗೆಮನೆಗೆ ಹೋಗಿ ನಲ್ಲಿಯ ಸದ್ದು ಕೇಳದ ಹಾಗೆ ಪಾತ್ರೆ ತೊಳೆಯುತ್ತಿದ್ದೆ.

ಯಜಮಾನರಿಗೆ ಬಿಪಿ, ಅವರ ಕಿಡ್ನಿ ಬೇಡವೆಂದರು. ನನ್ನದು ಹೊಂದಿತು. ಮೈಸೂರಿನ ಆಸ್ಪತ್ರೆಯ ಡಾಕ್ಟರು ಆ ಮಾತು ಹೇಳಿದ ದಿನ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತು ಅತ್ತೆವು. ಇನ್ನು ಕಾಗದಪತ್ರ ಕೊಡುವುದೊಂದೇ ಬಾಕಿ ಅಂದುಕೊಂಡೆವು. ಕಿಡ್ನಿ ಕೊಡುವವರಿಗೂ ಪಡೆಯುವವರಿಗೂ ಇರುವ ಸಂಬಂಧವನ್ನು ದಾಖಲೆ ಸಮೇತ ಒಂದು ಸಮಿತಿಯ ಮುಂದೆ ತೋರಿಸಬೇಕು. ದಾಖಲೆ ನೋಡುವ ಹೆಣ್ಣುಮಗಳು ಜನನ ಪ್ರಮಾಣಪತ್ರದ ಮೇಲೆ ಬೆರಳಿಟ್ಟು, "ಮೇಡಂ, ಇಲ್ಲಿ ತಾಯಿ ಅಂತ ಇರೋದು ಯಾರು?" ಎಂದು ಕೇಳಿದಳು.

ಅಲ್ಲಿದ್ದದ್ದು ನನ್ನ ಅಕ್ಕನ ಹೆಸರು.

ತಂದೆಯ ಹೆಸರು ಸರಿಯಾಗಿತ್ತು, ಊರು ಸರಿಯಾಗಿತ್ತು. ತಾಯಿಯ ಹೆಸರಿನ ಜಾಗದಲ್ಲಿ ಮಾತ್ರ ಅಕ್ಕ. ಅಷ್ಟು ವರ್ಷ ಆ ಕಾಗದ ಟ್ರಂಕಿನಲ್ಲಿತ್ತು. ಶಾಲೆಗೆ ಸೇರಿಸುವಾಗ ಅಂಗನವಾಡಿಯ ಚೀಟಿಯೇ ಸಾಕಾಗಿತ್ತು. ನಾವು ಅದನ್ನು ಬಿಡಿಸಿ ಓದಿರಲೇ ಇಲ್ಲ.

ಹೇಗಾಯಿತೆಂದು ಹೊಳೆಯಲು ಹೊತ್ತು ಹಿಡಿಯಲಿಲ್ಲ. ಹೆರಿಗೆಯಾದದ್ದು ನನ್ನ ತವರು ಅರಕಲಗೂಡಿನಲ್ಲಿ, ಈಗ ಮುಚ್ಚಿಹೋಗಿರುವ ಸಣ್ಣ ನರ್ಸಿಂಗ್ ಹೋಮಿನಲ್ಲಿ. ರಕ್ತ ಬಹಳ ಹೋಗಿ ನನಗೆ ಎಚ್ಚರವಿರಲಿಲ್ಲ. ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡಿದ್ದವಳು ಅಕ್ಕ. ಯಾರೋ ಬಂದು "ಹೆಸರು ಹೇಳಮ್ಮ" ಅಂದಿದ್ದಾರೆ. ಅವಳು ತನ್ನ ಹೆಸರು ಹೇಳಿದ್ದಾಳೆ. ಅಷ್ಟೇ.

"ಇದು ಸರಿಯಾಗದೆ ಫೈಲು ಮುಂದೆ ಹೋಗಲ್ಲ ಮೇಡಂ" ಅಂದಳು ಆ ಹುಡುಗಿ. ದನಿಯಲ್ಲಿ ಮರುಕವಿತ್ತು. ಮರುಕದಿಂದ ನನಗೇನೂ ಆಗಬೇಕಿರಲಿಲ್ಲ.

ಹಾಸನದಲ್ಲಿ ಅರ್ಜಿ ಟೈಪು ಮಾಡುವವನೊಬ್ಬ ಕಾಗದವನ್ನು ತಿರುಗಿಸಿ ನೋಡಿ, "ಕೋರ್ಟಿಗೆ ಓಗ್ಬೇಕು ಕಣಮ್ಮ. ಕೇಸ್ ಹಾಕಿ, ಪೇಪರಲ್ಲಿ ಕೊಟ್ಟು, ಆರ್ಡರ್ ಆಗೋವರ್ಗೂ ಕಾಯ್ಬೇಕು. ವರ್ಸ ಆದ್ರೂ ಆಯ್ತು" ಅಂದ. ಆಮೇಲೆ ಯಜಮಾನರ ಕಡೆ ನೋಡಿ ಹಲ್ಲು ಬಿಟ್ಟ: "ಏನ್ ಸಾ, ಇಬ್ರು ಎಂಡ್ರಾ?" ನನ್ನ ಗಂಡ ಯಾರ ಮೇಲೂ ಕೈ ಎತ್ತಿದವರಲ್ಲ. ಅವತ್ತು ಅವನ ಮೇಜನ್ನು ಎರಡು ಕೈಯಲ್ಲೂ ಹಿಡಿದು ನಿಂತರು. ನಾನೇ ಅವರ ತೋಳು ಹಿಡಿದು ಎಳೆದುಕೊಂಡು ಬಂದೆ.

ಚನ್ನರಾಯಪಟ್ಟಣದಲ್ಲಿ ನಾವು ಕೇಳಿದವರೂ ಕೋರ್ಟೇ ಅಂದರು. ವರ್ಷ! ಡಯಾಲಿಸಿಸ್ ಮಧ್ಯೆ ಮಗಳ ಬಿಪಿ ಇಳಿದು ಕಣ್ಣು ಮೇಲೆ ಸಿಕ್ಕಿಕೊಂಡದ್ದನ್ನು ಆ ವಾರವೇ ನೋಡಿದ್ದೆ. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ತಲೆ ಕೊಟ್ಟು, "ಅಮ್ಮ, ಸುಮ್ನೆ ಬಿಟ್ಬಿಡಿ. ನಿಮ್ಮಿಬ್ಬರ ಮುಖ ನೋಡಕ್ಕಾಗ್ತಿಲ್ಲ" ಅಂದಳು. ನಾನು ಕಿಟಕಿಯಾಚೆ ನೋಡಿದೆ.

ಕೇಸು ಹಾಕಿಯೇ ಬಿಡೋಣವೆಂದು ಹೊಳೆನರಸೀಪುರದಲ್ಲಿ ಯಜಮಾನರಿಗೆ ಗೊತ್ತಿದ್ದ ವಯಸ್ಸಾದ ವಕೀಲರೊಬ್ಬರ ಬಳಿ ಹೋದೆವು. ಅವರು ಕಾಗದ ಓದಿ, ಕನ್ನಡಕ ತೆಗೆದು, "ಇದಕ್ಕೆ ಕೋರ್ಟ್ ಯಾಕ್ರೀ?" ಅಂದರು.

ನನಗೆ ಕಿವಿ ಮಂದವಾಯಿತೇನೋ ಅನ್ನಿಸಿತು.

"ಜನನ ನೋಂದಣಿನೇ ಆಗಿಲ್ಲದೆ ವರ್ಷಗಟ್ಟಲೆ ಬಿಟ್ಟಿದ್ರೆ, ಆಗ ಮ್ಯಾಜಿಸ್ಟ್ರೇಟ್ ಹತ್ರ ಹೋಗೋರು. ಜನ ಎರಡನ್ನೂ ಒಂದೇ ಅನ್ಕೊಂಡಿದ್ದಾರೆ. ನಿಮ್ಮದು ನೋಂದಣಿ ಆಗಿದೆ, ಬರೆಯೋದ್ರಲ್ಲಿ ತಪ್ಪಾಗಿದೆ. ತಪ್ಪು ಖಾತ್ರಿಯಾದ್ರೆ ಜನನ ಮರಣ ನೋಂದಣಿ ಅಧಿಕಾರಿನೇ ತಿದ್ದಬಹುದು. ವಿಷಯ ಗೊತ್ತಿರೋ ಇಬ್ಬರ ಹೇಳಿಕೆ, ನಿಮ್ಮ ದಾಖಲೆ, ಮಗಳ ಮಾರ್ಕ್ಸ್‌ಕಾರ್ಡ್ ಕೊಡಿ. ಹಳೇ ಹೆಸರನ್ನ ಅಳಿಸಲ್ಲ. ಅದರ ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕ್ತಾರೆ."

ಫೀಸು ಕೇಳಿದ್ದಕ್ಕೆ ಗದರಿ ಕಳಿಸಿದರು.

ಇಬ್ಬರಲ್ಲಿ ಒಬ್ಬರು ಯಾರೆಂದು ಕೇಳುವ ಹಾಗಿರಲಿಲ್ಲ. ಅಕ್ಕನ ಮನೆ ಕಟ್ಟಾಯದ ಹತ್ತಿರ. ಅವಳಿಗೆ ಮಕ್ಕಳಿಲ್ಲ. ನನಗೆ ಆಗ ದೂರದ ಊರಿನ ಶಾಲೆಗೆ ಪೋಸ್ಟಿಂಗ್ ಆಗಿದ್ದರಿಂದ, ಶಾಲೆಗೆ ಸೇರುವ ವಯಸ್ಸಿನವರೆಗೆ ಮಗಳು ಬೆಳೆದದ್ದು ಅವಳ ಮಡಿಲಲ್ಲೇ. ಮಗಳು ಮೊದಲು "ಅವ್ವ" ಅಂದದ್ದೂ ಅವಳನ್ನೇ. ಆಮೇಲೆ ತಿದ್ದಿ ತಿದ್ದಿ ದೊಡ್ಡವ್ವ ಅನ್ನಿಸಿದವರು ನಾವು.

ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಹೇಳಿದ್ದನ್ನೆಲ್ಲ ಕೇಳಿದಳು. ಮೊದಲು ಅವಳಿಗೆ ಅರ್ಥವಾದದ್ದು ತನ್ನಿಂದ ತಪ್ಪಾಗಿದೆ ಎಂಬುದು. "ನನ್ ನಾಲ್ಗೆ ಸೇದೋಗ, ಯಾಕಂಗಂದ್ನೋ" ಎಂದು ಬಾಯಿಗೆ ಹೊಡೆದುಕೊಂಡಳು. ಕೈ ಹಿಡಿದೆ. ಆಮೇಲೆ ಮುಖ ಎತ್ತಿದಳು.

"ಲೇ, ಕಾಗ್ದದಾಗೆ ನಾನೇ ತಾಯಿ ಅಂತ ಐತಲ್ವಾ? ಅಂಗಾದ್ರೆ ಏನೂ ತಿದ್ದಬ್ಯಾಡಿ ಕಣೇ. ನನ್ನೇ ಕರ್ಕೊಂಡೋಗಿ. ನನ್ದೇ ಕಿತ್ತು ಮಗೀಗೆ ಆಕ್ಲಿ. ಯಾರು ಕೇಳ್ತಾರೆ?"

"ಅಕ್ಕ, ನಿನಗೆ ಶುಗರ್ ಇದೆ. ಶುಗರ್ ಇರೋರದ್ದು ತಗೊಳಲ್ಲ."

"ಮಾತ್ರೆ ಬಿಟ್ಟು ರಾಗಿ ತಿಂತೀನಿ. ಕಮ್ಮಿ ಆಯ್ತದೆ."

"ಆಗಲ್ಲಕ್ಕ."

"ಇನ್ನೇನ್ ಬೇಕು ಅಂತೀಯೆ? ನಾನು ಅವ್ಳ ತಾಯಿ ಅಲ್ಲ ಅಂತ ಎಬ್ಬೆಟ್ಟು ಒತ್ಲಾ?" ಅವಳು ಮೊರವನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋಗಿಬಿಟ್ಟಳು. ಜಗಲಿಯ ಮೇಲೆ ಕಾದು ಕುಳಿತೆ. ಸಂಜೆಯ ಬಸ್ಸೂ ಹೋಯಿತು. ಒಳಗಿಂದ ಬಂದಾಗ ಅವಳು ಸೀರೆ ಬದಲಿಸಿದ್ದಳು. "ನಡಿ, ಎಲ್ಲಿಗೆ ಬರ್ಬೇಕೋ ಬತ್ತೀನಿ" ಎಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಇನ್ನೊಬ್ಬರು ಬೇಕಿತ್ತು. ಹೆರಿಗೆ ಮಾಡಿಸಿದ್ದ ನರ್ಸಮ್ಮ ಅರಕಲಗೂಡಿನಲ್ಲೇ ಇದ್ದಾರೆಂದು ತಿಳಿದು ಅವರ ಮನೆ ಹುಡುಕಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ನೂರಾರು ಎರಿಗೆ ಮಾಡ್ಸಿವ್ನಿ ಕಣವ್ವ. ನಿನ್ ಮಖ ನೆಪ್ಪಾಯ್ತಿಲ್ಲ. ಗೊತ್ತಿಲ್ದೆ ಬರ್ಕೊಟ್ರೆ ಸುಳ್ಳಾಯ್ತದೆ" ಅಂದರು. ನಾನು ಅವರ ಕಾಲು ಹಿಡಿದೆ. ಅವರೂ ಅತ್ತರು, ಆದರೆ ಸಹಿ ಹಾಕಲಿಲ್ಲ. ಆ ಬೀದಿಯ ತಿರುವಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ನೋಡಿಯಾರೆಂಬ ಎಗ್ಗೂ ಇಲ್ಲದೆ, ಗೋಡೆಗೆ ಒರಗಿ ಕೂತುಬಿಟ್ಟೆ.

ಅಲ್ಲಿಂದ ಎರಡು ಬೀದಿ ದಾಟಿದರೆ ತವರುಮನೆಯಿದ್ದ ಓಣಿ. ಮನೆ ಈಗ ಬೇರೆಯವರದು. ಪಕ್ಕದ ಮನೆಯ ಅಜ್ಜಿ ಮಾತ್ರ ಬದುಕಿದ್ದರು. ಬಾಣಂತನದಲ್ಲಿ ನನಗೆ ನೀರು ಹಾಕುತ್ತಿದ್ದವರು. ಏನಾಯ್ತು ಎಂದು ಕೇಳಿದರು, ಹೇಳಿದೆ.

"ಅಯ್ಯೋ, ಬಾಣ್ತಿ ಬೆನ್ನಿಗೆ ಸುಡುಸುಡು ನೀರು ಉಯ್ದೋಳು ನಾನು. ಮಗೀಗೆ ಎಣ್ಣೆ ತಿಕ್ದೋಳು ನಾನು. ನನ್ ಬುಟ್ಟು ಊರೆಲ್ಲ ತಿರುಗ್ದ್ಯಾ?" ಎಂದು ಬೈದು, ಊರುಗೋಲು ಹಿಡಿದು ಎದ್ದೇಬಿಟ್ಟರು.

ಅರಕಲಗೂಡಿನ ನೋಂದಣಿ ಕಚೇರಿಯಲ್ಲೂ ಒಂದೇ ಸಲಕ್ಕೆ ಆಗಲಿಲ್ಲ. ಒಮ್ಮೆ ಸರ್ವರ್ ಇರಲಿಲ್ಲ, ಒಮ್ಮೆ ಅಧಿಕಾರಿ ಮೀಟಿಂಗಿಗೆ ಹೋಗಿದ್ದರು. ಹಳೆಯ ರಿಜಿಸ್ಟರ್ ಹುಡುಕಲು ಮತ್ತಷ್ಟು ದಿನ. ಯಾರೂ ಕೆಟ್ಟವರಾಗಿರಲಿಲ್ಲ, ಅವರಿಗೆ ಅದೊಂದು ಅರ್ಜಿ, ನನಗೆ ಮಗಳ ಉಸಿರು. ಆ ನಡುವೆ ಅವಳ ಎದೆಯಲ್ಲಿ ನೀರು ತುಂಬಿ ಹಾಸನದ ಆಸ್ಪತ್ರೆಗೆ ಸೇರಿಸಿದೆವು. ನಾನು ಆಕ್ಸಿಜನ್ ಮಾಸ್ಕಿನ ಪಕ್ಕದಲ್ಲಿ ಕುಳಿತು, ಈ ಕಾಗದ ಬರುವ ಹೊತ್ತಿಗೆ ಇವಳಿಗೆ ಇನ್ನೊಂದು ಪ್ರಮಾಣಪತ್ರ ಬರೆಸಬೇಕಾಗುತ್ತದೇನೋ ಎಂದು ಯೋಚಿಸಿದೆ. ಯೋಚನೆ ಬಂದದ್ದಕ್ಕೆ ನನ್ನನ್ನೇ ಶಪಿಸಿಕೊಂಡೆ.

ಕೊನೆಗೆ ಒಂದು ಮಧ್ಯಾಹ್ನ ಅಧಿಕಾರಿ ನಮ್ಮನ್ನು ಒಳಗೆ ಕರೆದರು. ಅಜ್ಜಿಯ ಹೇಳಿಕೆ ಓದಿದರು. ಅಕ್ಕನದನ್ನು ಗಟ್ಟಿಯಾಗಿ ಓದಿ, "ಇದೆಲ್ಲ ನಿಜವೇನಮ್ಮ? ಆ ಮಗು ನಿಮ್ಮದಲ್ಲ ತಾನೆ?" ಎಂದು ಕೇಳಿದರು.

ಅಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಹೆತ್ತೋಳು ಇವ್ಳೇ ಸಾ. ನಾನು ಸಾಕ್ದೋಳು. ಅದ್ನೂ ಬರೆಯಕ್ಕೆ ಜಾಗ ಐತಾ?"

ಅಧಿಕಾರಿ ತಲೆ ತಗ್ಗಿಸಿದರು. "ಇಲ್ಲ ತಾಯಿ."

"ಓಗ್ಲಿ ಬುಡಿ" ಎಂದು ಅಕ್ಕ ಹೆಬ್ಬೆಟ್ಟು ಚಾಚಿದಳು.

ಅವರು ರಿಜಿಸ್ಟರಿನ ಅಂಚಿನಲ್ಲಿ ನನ್ನ ಹೆಸರು ಬರೆದು, ಸಹಿ ಮಾಡಿ, ದಿನಾಂಕ ಹಾಕಿದರು. ಬರೆಯಲು ಹಿಡಿದದ್ದು ಒಂದು ಲೋಟ ಕಾಫಿ ಕುಡಿಯುವಷ್ಟೂ ಹೊತ್ತಲ್ಲ. ಹೊಸ ಪ್ರಮಾಣಪತ್ರ ಕೈಗೆ ಬಂದಾಗ ಖುಷಿಯಾಗಲಿಲ್ಲ. ಪಕ್ಕದಲ್ಲಿ ಅಕ್ಕ ಬೆರಳಿನ ಶಾಯಿಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

ಸಮಿತಿ ಒಪ್ಪಿತು. ಮಗಳು ಶಸ್ತ್ರಚಿಕಿತ್ಸೆ ತಡೆದುಕೊಳ್ಳುವಷ್ಟು ಚೇತರಿಸಿಕೊಳ್ಳಲಿ ಎಂದು ಮತ್ತೆ ಕಾಯಿಸಿದರು. ಅಂತೂ ಒಂದು ಬೆಳಿಗ್ಗೆ ಮೈಸೂರಿನಲ್ಲಿ ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಿಗೆ ತಳ್ಳಿಕೊಂಡು ಹೋದರು. ಎಚ್ಚರವಾದಾಗ ನನಗೆ ಪಕ್ಕೆ ಬೆಂಕಿಯಿಟ್ಟ ಹಾಗೆ ಉರಿಯುತ್ತಿತ್ತು. ಮಗಳೇನಾದಳೆಂದು ಕೇಳಲು ಹೆದರಿ ಬಾಗಿಲ ಕಡೆಗೇ ನೋಡುತ್ತಿದ್ದೆ.

ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ಗಾಜಿನಾಚೆಯಿಂದ ಮಗಳನ್ನು ನೋಡಿಬಂದಿದ್ದಳು. ನನ್ನ ಮುಖದ ಹತ್ತಿರ ಬಗ್ಗಿ, "ಮಗೀಗೆ ಉಚ್ಚೆ ಬತ್ತಾ ಐತೆ ಕಣೇ, ನಿನ್ ಕಿಡ್ನಿ ಕೆಲ್ಸ ಮಾಡ್ತಾ ಐತಂತೆ. ಚೀಲದ ತುಂಬ. ಒಳಗಿದ್ದ ನರ್ಸು ಎತ್ತಿ ತೋರುಸ್ದ್ಲು, ನಾನು ಕೈ ಮುಕ್ಕೊಂಡೆ" ಅಂದಳು.